ಡ್ರೈವರ್ ಪಕ್ಕದ ಸೀಟು

ಬಸ್ ಮಾಡಿಕೊಂಡು ಹೊರಟ ಯಾವ ಟ್ರಿಪ್‌ನಲ್ಲಾದರೂ ರಾತ್ರಿ ಹತ್ತು, ಹನ್ನೊಂದರ ಹೊತ್ತಿಗೆ ಒಂದು ಮಾತು ಬಂದೇ ಬರುತ್ತದೆ. ಊಟ ಆಗಿರುತ್ತದೆ. ಅಂತ್ಯಾಕ್ಷರಿ ನಿಂತಿರುತ್ತದೆ. ಮಕ್ಕಳು ಅಮ್ಮಂದಿರ ಮಡಿಲಲ್ಲಿ ಮಲಗಿರುತ್ತಾರೆ. ಆಗ ಹಿಂದಿನಿಂದ ಯಾರೋ ದೊಡ್ಡವರು ಕೂಗುತ್ತಾರೆ: "ಯಾರಾದ್ರೂ ಒಬ್ರು ಮುಂದೆ ಹೋಗಿ ಕೂತ್ಕೊಳ್ರಪ್ಪ. ಡ್ರೈವರ್ ಜೊತೆ ಮಾತಾಡ್ತಾ ಇರಿ."

ನಮ್ಮ ಬೀದಿಯ ಟ್ರಿಪ್‌ಗಳಲ್ಲಿ ಆ ಕೆಲಸ ಸಾಮಾನ್ಯವಾಗಿ ನನ್ನದೇ. ನಾಗರಭಾವಿಯ ನಮ್ಮ ರಸ್ತೆಯಲ್ಲಿ ಹತ್ತು ಹನ್ನೆರಡು ಮನೆಗಳು ಸೇರಿ ವರ್ಷಕ್ಕೊಂದು ಸಲ ಎಲ್ಲಿಗಾದರೂ ಹೋಗುತ್ತೇವೆ. ಬಸ್ ಬುಕ್ ಮಾಡುವುದು, ರೂಮ್ ನೋಡುವುದು, ಎಷ್ಟು ಗಂಟೆಗೆ ಎಲ್ಲಿ ಅಂತ ಬರೆಯುವುದು, ದುಡ್ಡು ಒಟ್ಟು ಮಾಡುವುದು, ಎಲ್ಲ ನನ್ನ ಪಾಲಿಗೆ ಬಂದಿದೆ. ನನಗೆ ಅದು ಇಷ್ಟ ಕೂಡ. ಹಾಗಾಗಿ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ದಾರಿ ನೋಡುವುದೂ ನನಗೆ ಅಭ್ಯಾಸವಾಗಿ ಹೋಗಿತ್ತು. ಎಷ್ಟೋ ವರ್ಷ ಅದನ್ನು ಒಂದು ಒಳ್ಳೆಯ ಕೆಲಸ ಅಂತಲೇ ಅಂದುಕೊಂಡಿದ್ದೆ.

ಅದು ಬದಲಾಗಿದ್ದು ಮೂರು ವರ್ಷದ ಹಿಂದಿನ ಒಂದು ಟ್ರಿಪ್‌ನಲ್ಲಿ. ಕುಕ್ಕೆ, ಧರ್ಮಸ್ಥಳ, ಹೊರನಾಡು, ಶೃಂಗೇರಿ. ಬೆಂಗಳೂರಿನ ಅರ್ಧ ಮನೆಗಳು ಮಾಡಿರುವ ಟ್ರಿಪ್ ಅದು. ಶುಕ್ರವಾರ ರಾತ್ರಿ ಹೊರಡುವುದು, ಭಾನುವಾರ ರಾತ್ರಿ ವಾಪಸ್. ಸೋಮವಾರ ಎಲ್ಲರೂ ಆಫೀಸಿಗೆ, ಮಕ್ಕಳು ಸ್ಕೂಲಿಗೆ. 33 ಸೀಟಿನ ಬಸ್, ನಾವು 32 ಜನ. ಒಬ್ಬ ಡ್ರೈವರ್. ಕ್ಲೀನರ್ ಇರಲಿಲ್ಲ.

ಹೋಗುವಾಗ ಎಲ್ಲ ಚೆನ್ನಾಗಿತ್ತು. ರಾತ್ರಿ 9.45ಕ್ಕೆ ಹೊರಟೆವು. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ. ಹಾಸನ ದಾಟಿ ಒಂದು ಕಡೆ ಟೀಗೆ ನಿಲ್ಲಿಸಿದ್ದು ಹದಿನೈದು ನಿಮಿಷ ಇರಬಹುದು. ಶಿರಾಡಿ ಘಾಟಿ ಇಳಿದು ಗುಂಡ್ಯದ ಹತ್ತಿರ ತಿರುಗಿ ಬೆಳಗಿನ ಐದೂವರೆಗೆ ಕುಕ್ಕೆ. ನಾವು ಸ್ನಾನಕ್ಕೆ ಹೋದೆವು, ದರ್ಶನ ಮಾಡಿದೆವು, ತಿಂಡಿ ತಿಂದೆವು. ಹನ್ನೊಂದಕ್ಕೆ ಧರ್ಮಸ್ಥಳ. ಮೂರಕ್ಕೆ ಅಲ್ಲಿಂದ ಹೊರಟು ಬೆಳ್ತಂಗಡಿ, ನಾರಾವಿ, ಬಜಗೋಳಿ, ಆಮೇಲೆ ಕುದುರೆಮುಖದ ತಿರುವುಗಳು, ಕಳಸ. ರಾತ್ರಿ ಹೊರನಾಡಿನಲ್ಲಿ ಪ್ರಸಾದ ಉಂಡು ಮಲಗಿದೆವು. ಭಾನುವಾರ ಶೃಂಗೇರಿ. ತುಂಗೆಯ ಮೀನಿಗೆ ಮಕ್ಕಳು ಮಂಡಕ್ಕಿ ಹಾಕಿದರು. ಮೂರು ಗಂಟೆಗೆ ವಾಪಸ್ ಹೊರಟೆವು. ನಾನು ಬರೆದ ಪಟ್ಟಿಯಂತೆ ಎಲ್ಲವೂ ನಡೆದಿತ್ತು. ನನಗೆ ತುಂಬಾ ಖುಷಿಯಾಗಿತ್ತು.

ಹಾಸನದಲ್ಲಿ ಊಟ ಮುಗಿಸಿ ಹೊರಟ ಮೇಲೆ ಆ ಮಾತು ಬಂತು. ನಾನು ಮುಂದೆ ಹೋಗಿ ಕೂತೆ. ಡ್ರೈವರ್‌ಗೆ ಮೂವತ್ತೈದು ವರ್ಷ ಇರಬಹುದು. ಮಳವಳ್ಳಿ ಕಡೆಯವರು. ಎರಡು ದಿನ ಒಂದು ಸಲವೂ ಮುಖ ಗಂಟು ಹಾಕಿಕೊಳ್ಳದೆ ಬಸ್ ಓಡಿಸಿದವರು. ಏನು ಮಾತಾಡುವುದು ಅಂತ ತೋಚದೆ ಸುಮ್ನೆ ಕೇಳಿದೆ, "ನಾಳೆ ರಜಾನಾ ಅಣ್ಣ?"

"ಇಲ್ಲ ಅಕ್ಕ. ಬೆಳಿಗ್ಗೆ ಐದೂವರೆಗೆ ಸ್ಕೂಲ್ ಟ್ರಿಪ್ ಇದೆ. ಮೈಸೂರು."

ಆಗ ಗಂಟೆ ಒಂಬತ್ತೂವರೆ. ನಾವು ಮನೆ ಸೇರುವುದು ಹನ್ನೊಂದೂಮುಕ್ಕಾಲಿಗೆ. ಅವರು ಆಮೇಲೆ ಬಸ್ ಗುಡಿಸಬೇಕು, ಡೀಸೆಲ್ ಹಾಕಿಸಬೇಕು, ನಿಲ್ಲಿಸಬೇಕು. "ಮನೆಗೆ ಹೋಗೋದು ಯಾವಾಗ?" ಅಂದೆ. "ಎಲ್ಲಿ ಹೋಗೋದಕ್ಕ, ಬಸ್ಸಲ್ಲೇ ಮಲಗ್ತೀನಿ. ಹೋಗಿ ಬರೋದ್ರಲ್ಲೇ ಬೆಳಗಾಗುತ್ತೆ" ಅಂದರು.

ಆಮೇಲೆ ಒಂದೊಂದೇ ಕೇಳುತ್ತಾ ಹೋದೆ. ಶುಕ್ರವಾರ ಅವರು ಎದ್ದಿದ್ದು ಬೆಳಿಗ್ಗೆ ಐದಕ್ಕೆ. ಒಂದು ಕಂಪನಿಯ ಸ್ಟಾಫ್ ಅನ್ನು ಬಿಟ್ಟು, ಸಂಜೆ ಕರೆದುಕೊಂಡು ಬಂದು, ಅದೇ ಬಸ್ಸನ್ನು ತೊಳೆದು ನಮ್ಮ ಬೀದಿಗೆ ತಂದಿದ್ದರು. ಮಧ್ಯಾಹ್ನ ಸೀಟಿನ ಮೇಲೆ ಒಂದು ಗಂಟೆ ಒರಗಿದ್ದರು. ಅಂದರೆ ನಾವು ಕುಕ್ಕೆಯಲ್ಲಿ ಇಳಿಯುವಾಗ ಆ ಮನುಷ್ಯ ಎದ್ದು 24 ಗಂಟೆ ದಾಟಿತ್ತು. ಶಿರಾಡಿ ಘಾಟಿಯನ್ನು ಅವರು ಇಳಿಸಿದ್ದು ಬೆಳಗಿನ ಜಾವ ಮೂರೂವರೆ ಸುಮಾರಿಗೆ. ಹಿಂದೆ 32 ಜನ ಗೊರಕೆ ಹೊಡೆಯುತ್ತಿದ್ದೆವು.

"ಕುಕ್ಕೇಲಿ ಮಲಗಿದ್ರಿ ಅಲ್ವಾ?" ಅಂತ ಕೇಳಿದೆ. ನನಗೆ ಸಮಾಧಾನ ಆಗುವಂಥ ಒಂದು ಉತ್ತರ ಬೇಕಿತ್ತು. "ಮಲಗಿದ್ದೆ. ಪಾರ್ಕಿಂಗ್‌ನವರು ಎರಡು ಸಲ ಬಂದು ಗಾಡಿ ಹಿಂದಕ್ಕೆ ತಗೊಳ್ಳಿ ಅಂದ್ರು. ಆಮೇಲೆ ನಿಮ್ಮೋರು ಬ್ಯಾಗ್‌ಗೆ ಬಂದ್ರಲ್ಲ" ಅಂದರು.

ಬಂದಿದ್ದೆವು. ನನಗೆ ನೆನಪಾಯಿತು. ಒಬ್ಬರಿಗೆ ಪಂಚೆ ಬೇಕಿತ್ತು. ಇನ್ನೊಬ್ಬರಿಗೆ ಮಾತ್ರೆ. ಮತ್ತೊಬ್ಬರಿಗೆ ಮಗುವಿನ ಬಿಸಿನೀರಿನ ಫ್ಲಾಸ್ಕ್. ಪ್ರತಿ ಸಲವೂ ಬಾಗಿಲು ಬಡಿದು "ಅಣ್ಣ, ಡಿಕ್ಕಿ ತೆಗೀರಿ" ಅಂದಿದ್ದೆವು. ಧರ್ಮಸ್ಥಳದಲ್ಲೂ ಹಾಗೇ. ಅಲ್ಲಿ ಬಸ್ ನಿಂತಿದ್ದು ಬಯಲಿನಲ್ಲಿ, ನಡು ಮಧ್ಯಾಹ್ನದ ಬಿಸಿಲಿಗೆ. ಇಂಜಿನ್ ಆಫ್ ಮಾಡಿದರೆ ಎಸಿ ಇಲ್ಲ. ತಗಡಿನ ಡಬ್ಬಿಯಂತೆ ಕಾದಿರುತ್ತದೆ. ಅವರು ಡಿಕ್ಕಿಯ ಬಾಗಿಲು ಎತ್ತಿಟ್ಟು, ನಮ್ಮ ಬ್ಯಾಗ್‌ಗಳನ್ನು ಪಕ್ಕಕ್ಕೆ ಸರಿಸಿ, ಟಾರ್ಪಾಲ್ ಹಾಸಿ ಅಲ್ಲಿ ಮಲಗಿದ್ದರು. ಹೊರನಾಡಿನ ರಾತ್ರಿ ಬಸ್ಸಿನಲ್ಲೇ. ಬೆಳಿಗ್ಗೆ ಐದು ಗಂಟೆಗೆ ನನ್ನ ಹತ್ತಿರ ಬಂದು, ಬಹಳ ಸಂಕೋಚದಿಂದ, "ಅಕ್ಕ, ಸ್ನಾನಕ್ಕೆ ಯಾವುದಾದ್ರೂ ಒಂದು ರೂಮ್ ಸಿಗುತ್ತಾ?" ಅಂತ ಕೇಳಿದ್ದರು. ಎಲ್ಲ ರೂಮಿನಲ್ಲೂ ನಮ್ಮವರೇ ಸಾಲುಗಟ್ಟಿದ್ದರು. "ಸ್ವಲ್ಪ ಹೊತ್ತು ಬಿಟ್ಟು ಬನ್ನಿ" ಅಂದಿದ್ದೆ. ಆಮೇಲೆ ಮರೆತೇ ಹೋಯಿತು. ಅವರು ಹೊರಗಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದು ಸ್ಟೇರಿಂಗ್ ಹಿಡಿದಿದ್ದರು.

ನನ್ನ ಪಟ್ಟಿ ಮೊಬೈಲ್‌ನಲ್ಲಿತ್ತು. ತೆಗೆದು ನೋಡಿದೆ. ಹಾಲು ಕಾಯಿಸಲು ಎಲ್ಲಿ ನಿಲ್ಲಬೇಕು ಅಂತ ಬರೆದಿದ್ದೆ. ಯಾರಿಗೆ ವಾಂತಿ ಆಗುತ್ತದೆ, ಅವರಿಗೆ ಮುಂದಿನ ಸೀಟು ಅಂತ ಬರೆದಿದ್ದೆ. ಶುಗರ್ ಇರುವ ಅಜ್ಜಿಗೆ ಎಷ್ಟು ಗಂಟೆಗೆ ತಿಂಡಿ ಅಂತಲೂ ಇತ್ತು. ಡ್ರೈವರ್ ಯಾವಾಗ ಮಲಗಬೇಕು ಎಂಬ ಸಾಲು ಎಲ್ಲೂ ಇರಲಿಲ್ಲ. ಆದರೆ ಅವರ ಪಕ್ಕ ಯಾರು ಕೂರಬೇಕು ಅಂತ ಇತ್ತು.

ಅವರಿಗೆ ನಿದ್ದೆ ಬರುತ್ತದೆ ಅಂತ ನಮಗೆ ಮೊದಲೇ ಗೊತ್ತು. ಗೊತ್ತಿಲ್ಲದಿದ್ದರೆ ಪಕ್ಕದಲ್ಲಿ ಕಾವಲು ಯಾಕೆ ಹಾಕುತ್ತಿದ್ದೆವು? ನಿದ್ದೆ ಬರದ ಹಾಗೆ ಪ್ಲಾನ್ ಮಾಡುವ ಬದಲು, ಬಂದ ನಿದ್ದೆಯನ್ನು ಮಾತಾಡಿಸಿ ಓಡಿಸುವ ಪ್ಲಾನ್ ಮಾಡಿದ್ದೆವು. ಮಾತಿಗೆ ನಿದ್ದೆ ಹೋಗುವುದಿಲ್ಲ, ಸ್ವಲ್ಪ ಹೊತ್ತು ಮುಂದೂಡುತ್ತದೆ ಅಷ್ಟೇ. ಟೀ ಕೂಡ ಅಷ್ಟೇ, ಮುಖಕ್ಕೆ ತಣ್ಣೀರು ಕೂಡ ಅಷ್ಟೇ. ನಿದ್ದೆಯ ಸಾಲ ನಿದ್ದೆಯಿಂದ ಮಾತ್ರ ತೀರುತ್ತದೆ. ಕಣ್ಣು ತೆರೆದಿದ್ದಂತೆಯೇ ಎರಡು ಮೂರು ಸೆಕೆಂಡ್ ಮಿದುಳು ಮಲಗಿಬಿಡುವುದುಂಟು. ಮಲಗಿದವರಿಗೇ ಅದು ಗೊತ್ತಾಗುವುದಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡ್ ಎಂದರೆ ಬಸ್ 50 ಮೀಟರ್ ಹೋಗಿರುತ್ತದೆ.

1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಸಂಶೋಧನೆ ಬಂದಿತ್ತು. ಸತತ 17 ಗಂಟೆ ಎಚ್ಚರವಿದ್ದವರ ಕೈ, ಕಣ್ಣಿನ ಚುರುಕು, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯ ಇರುವವರ ಮಟ್ಟಕ್ಕೆ ಇಳಿದಿರುತ್ತದೆ ಅಂತ ಅದು ತೋರಿಸಿತು. ನಮ್ಮ ದೇಶದ ಕಾನೂನಿನಲ್ಲಿ ಮಿತಿ 0.03. ಅಂದರೆ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಅದನ್ನು ದಾಟಿದರೆ ಪೊಲೀಸರು ಗಾಡಿ ಹಿಡಿಯುತ್ತಾರೆ. ಡ್ರೈವರ್ ಕುಡಿದಿದ್ದಾರೆ ಅನ್ನುವ ಸಣ್ಣ ಅನುಮಾನ ಬಂದರೂ ನಾವು 32 ಜನ ಬಸ್ ಹತ್ತುತ್ತಿರಲಿಲ್ಲ. ಹೊರಡುವ ಮುಂಚೆ ಅಂಥ ಅನುಮಾನದಿಂದ ಹತ್ತಿರ ಹೋಗಿ ಮಾತಾಡಿಸಿ ನೋಡುವ ಹಿರಿಯರು ನಮ್ಮ ಬೀದಿಯಲ್ಲೇ ಇದ್ದಾರೆ. "ನೀವು ಎಷ್ಟು ಹೊತ್ತು ಮಲಗಿದ್ದೀರಿ?" ಅಂತ ಮಾತ್ರ ಯಾರೂ ಕೇಳಿರಲಿಲ್ಲ.

ಟ್ರಿಪ್ ಮುಗಿದ ಮೇಲೆ ನಾನು ಕಾನೂನು ಹುಡುಕಿ ಓದಿದೆ. ಓದಿ ಆಶ್ಚರ್ಯವಾಯಿತು. 1961ರಲ್ಲೇ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂದಿತ್ತು. ಅದು ಹೇಳಿದ್ದು ಬಹಳ ಸರಳ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ದೂರದ ದಾರಿ, ಹಬ್ಬ ಜಾತ್ರೆಗಳಂಥ ಸಮಯದಲ್ಲಿ ಅನುಮತಿ ಪಡೆದರೆ ದಿನಕ್ಕೆ 10 ಗಂಟೆ, ವಾರಕ್ಕೆ 54. ಐದು ಗಂಟೆ ಕೆಲಸವಾಗುವಷ್ಟರಲ್ಲಿ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ. ಡ್ಯೂಟಿ ಶುರುವಾಗಿ ಮುಗಿಯುವವರೆಗೆ, ನಡುವಿನ ಬಿಡುವನ್ನೂ ಸೇರಿಸಿ, 12 ಗಂಟೆ ದಾಟಬಾರದು. ಒಂದು ದಿನದ ಡ್ಯೂಟಿಗೂ ಮರುದಿನದ ಡ್ಯೂಟಿಗೂ ನಡುವೆ ಸತತ 9 ಗಂಟೆ ವಿಶ್ರಾಂತಿ. ಏಳು ದಿನಕ್ಕೆ ಒಂದು ದಿನ ರಜ. ರಾತ್ರಿ ತಂಗಬೇಕಾದ ಕಡೆ ಮಲಗಲು ಜಾಗ.

ಇದರಲ್ಲಿ ಒಂದನ್ನೂ ನಮ್ಮ ಟ್ರಿಪ್ ಪಾಲಿಸಿರಲಿಲ್ಲ.

ಆ ಕಾಯ್ದೆಯಲ್ಲಿ ನನ್ನನ್ನು ತುಂಬಾ ಹೊತ್ತು ಹಿಡಿದು ನಿಲ್ಲಿಸಿದ್ದು 'ಕೆಲಸದ ಗಂಟೆ' ಎಂದರೇನು ಎಂಬ ವಿವರಣೆ. ಕಾರ್ಮಿಕ ತನ್ನ ಮಾಲೀಕನ ಕೈಕೆಳಗೆ, ಇಲ್ಲವೇ ತನ್ನ ಸೇವೆಯನ್ನು ಕೇಳುವ ಹಕ್ಕಿರುವ ಬೇರೆ ಯಾರದೇ ಕೈಕೆಳಗೆ ಇರುವ ಸಮಯ ಅಂತ ಅಲ್ಲಿದೆ. ಆ 'ಬೇರೆ ಯಾರದೇ' ಅನ್ನುವುದು ಯಾರು? ನಾವು. ಬಸ್ ಬಾಡಿಗೆಗೆ ಹಿಡಿದ ಪಾರ್ಟಿ. ಪಾರ್ಕಿಂಗ್‌ನಲ್ಲಿ ಡಿಕ್ಕಿ ತೆಗೆಯಲು ಎದ್ದು ಬಂದ ಆ ಐದೈದು ನಿಮಿಷವೂ ಕೆಲಸವೇ. ಕಾಯುವುದು ಬೇರೆ, ವಿಶ್ರಾಂತಿ ಬೇರೆ. ಯಾರು ಯಾವಾಗ ಕರೆಯುತ್ತಾರೋ ಅಂತ ಕಿವಿ ಕೊಟ್ಟುಕೊಂಡು ಮಲಗಿದವನ ನಿದ್ದೆ ನಿದ್ದೆಯಲ್ಲ.

ಇನ್ನೊಂದು ವಿಷಯ. ಆ ಕಾಯ್ದೆ ಐದು ಜನ ಅಥವಾ ಜಾಸ್ತಿ ಕಾರ್ಮಿಕರಿರುವ ಸಂಸ್ಥೆಗಳಿಗೆ ಅಂತ ಇತ್ತು. ನಮ್ಮಂಥವರಿಗೆ ಬಸ್ ಕೊಡುವ ಎಷ್ಟೋ ಓನರ್‌ಗಳ ಹತ್ತಿರ ಇರುವುದೇ ಒಂದು ಅಥವಾ ಎರಡು ಬಸ್. ಹಾಗಾದರೆ ಅವರಿಗೆ ಏನೂ ಇಲ್ಲವೇ ಅಂದುಕೊಂಡೆ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 91ನೇ ಸೆಕ್ಷನ್ ಇದೆ. ಸಾರಿಗೆ ವಾಹನ ನಡೆಸುವ ಕೆಲಸಕ್ಕೆ ಇಟ್ಟುಕೊಂಡ ಯಾರಿಗೇ ಆಗಲಿ, ಕೆಲಸದ ಗಂಟೆ 1961ರ ಕಾಯ್ದೆಯಲ್ಲಿ ಹೇಳಿದಂತೆಯೇ ಇರಬೇಕು ಅಂತ ಅದು ಹೇಳುತ್ತದೆ. ಈಗ 1961ರ ಆ ಕಾಯ್ದೆಯನ್ನು 2020ರ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿದ್ದಾರೆ. ದಿನಕ್ಕೆ 8 ಗಂಟೆ ಎಂಬ ಮಾತು ಅಲ್ಲೂ ಉಳಿದಿದೆ.

ನನ್ನ ಸೋದರಮಾವ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದರು. ಅವರಿಗೆ ನೈಟ್ ಹಾಲ್ಟ್ ಡ್ಯೂಟಿ ಬೀಳುತ್ತಿತ್ತು. ಕೊನೆ ಬಸ್ ಹಳ್ಳಿಯಲ್ಲೇ ನಿಂತು, ಬೆಳಿಗ್ಗೆ ಮೊದಲ ಬಸ್ಸಾಗಿ ವಾಪಸ್ ಹೊರಡುತ್ತದಲ್ಲ, ಅದು. ಕೆಲವು ಊರುಗಳಲ್ಲಿ ಮಾವ, ಕಂಡಕ್ಟರ್ ಇಬ್ಬರೂ ದೇವಸ್ಥಾನದ ಜಗಲಿ ಮೇಲೆ ಮಲಗುತ್ತಿದ್ದರಂತೆ, ಕೆಲವು ಕಡೆ ಬಸ್ಸಿನಲ್ಲೇ. ಸೊಳ್ಳೆಯ ಕತೆಗಳನ್ನು ನಾವು ಚಿಕ್ಕವರಿದ್ದಾಗ ಕೇಳುತ್ತಿದ್ದೆವು. ಸುಖದ ಕೆಲಸವೇನಲ್ಲ. ಆದರೆ ಮಾವನಿಗೆ ಒಂದು ಶೆಡ್ಯೂಲ್ ಇತ್ತು. ಇಂಥ ದಿನ ವಾರದ ರಜ ಅಂತ ಅತ್ತೆಗೆ ಗೊತ್ತಿರುತ್ತಿತ್ತು. ಡಿಪೋದಲ್ಲಿ ಹಾಸಿಗೆ ಇರುವ ಒಂದು ಕೋಣೆ ಇತ್ತು. ಜಾಸ್ತಿ ಡ್ಯೂಟಿ ಹಾಕಿದರೆ ಹೋಗಿ ಕೇಳಲು ಒಂದು ಯೂನಿಯನ್ ಇತ್ತು. ನಮ್ಮ ಟ್ರಿಪ್‌ನ ಡ್ರೈವರ್‌ಗೆ ಇದ್ದದ್ದು ಓನರ್‌ನ ಫೋನ್ ಮಾತ್ರ.

ಹಾಗಂತ ಎಲ್ಲ ತಪ್ಪನ್ನೂ ಓನರ್ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ. ಬಾಡಿಗೆಯ ಲೆಕ್ಕವೇ ಹಾಗಿದೆ. ಟೂರಿಸ್ಟ್ ಗಾಡಿಗಳಲ್ಲಿ ಒಂದು ದಿನ ಎಂದರೆ ಸಾಮಾನ್ಯವಾಗಿ ರಾತ್ರಿ 12ರಿಂದ ಮರುದಿನ ರಾತ್ರಿ 12. ದಿನಕ್ಕೆ ಮಿನಿಮಮ್ ಇಷ್ಟು ಕಿಲೋಮೀಟರ್, ಡ್ರೈವರ್ ಬಾಟಾ, ಅಂದರೆ ಭತ್ಯೆ, ದಿನಕ್ಕೆ ಇಷ್ಟು. 12 ದಾಟಿದರೆ ಇನ್ನೊಂದು ದಿನದ ದುಡ್ಡು. ಹಾಗಾಗಿ ಪ್ಲಾನ್ ಮಾಡುವವರೆಲ್ಲ 12ರೊಳಗೆ ಮನೆ ಸೇರುವ ಹಾಗೇ ನೋಡುತ್ತಾರೆ. ನಾನೂ ಹಾಗೇ ಮಾಡಿದ್ದೆ. 11.45ಕ್ಕೆ ನಾಗರಭಾವಿ ತಲುಪಿದಾಗ ಒಂದು ದಿನದ ಬಾಡಿಗೆ ಉಳಿಸಿದೆ ಅಂತ ಎಲ್ಲರೂ ಮೆಚ್ಚಿದರು. ಉಳಿದ ಆ ದಿನ ಬಂದಿದ್ದು ಡ್ರೈವರ್ ನಿದ್ದೆಯಿಂದ.

"ಆಗಲ್ಲ ಅಂತ ಯಾಕೆ ಹೇಳಲ್ಲ?" ಅಂತ ಅವತ್ತೇ ಕೇಳಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೀಸನ್ ಅಕ್ಕ" ಅಂದರು. ದಸರಾ ರಜೆಯಿಂದ ಶುರುವಾದರೆ ನವೆಂಬರ್‌ನಿಂದ ಜನವರಿವರೆಗೆ ಸ್ಕೂಲ್ ಟ್ರಿಪ್, ಅದೇ ಹೊತ್ತಿಗೆ ಶಬರಿಮಲೆ. ಆಮೇಲೆ ಮದುವೆಗಳು, ಬೇಸಿಗೆ ರಜೆ. ಆಷಾಢ ಬಂದರೆ ಗಾಡಿ ನಿಂತುಬಿಡುತ್ತದೆ. ಸಂಬಳ ಅಂತ ಕೈಗೆ ಬರುವುದು ಕಡಿಮೆ, ಮನೆ ನಡೆಯುವುದು ಬಾಟಾದಿಂದ. ಒಂದು ಟ್ರಿಪ್ ಬೇಡ ಅಂದರೆ ಆ ಬಾಟಾ ಇನ್ನೊಬ್ಬರಿಗೆ ಹೋಗುತ್ತದೆ. ಮುಂದಿನ ಟ್ರಿಪ್‌ಗೂ ಕರೆಯುತ್ತಾರೋ ಇಲ್ಲವೋ. ಅವರ ಮಗಳು ಆಗ ಎರಡನೇ ಕ್ಲಾಸು. ಅವಳನ್ನು ಒಂದು ಸಲವೂ ಟ್ರಿಪ್‌ಗೆ ಕರೆದುಕೊಂಡು ಹೋಗಿಲ್ಲ ಅಂದರು. ನನಗೆ ಮಾತೇ ಹೊರಡಲಿಲ್ಲ.

ನಮ್ಮ ಎದುರು ಮನೆಯ ಅಂಕಲ್, ಆಂಟಿ ಕೆಲವು ವರ್ಷದ ಹಿಂದೆ ಯುರೋಪ್ ಪ್ಯಾಕೇಜ್ ಟೂರ್ ಹೋಗಿ ಬಂದವರು. ಈ ಮಾತು ಬಂದಾಗ ಆಂಟಿ ಒಂದು ವಿಷಯ ಹೇಳಿದರು. ಅಲ್ಲಿ ಒಂದು ಸಂಜೆ ಇನ್ನೊಂದು ಜಾಗ ನೋಡಬೇಕು ಅಂತ ಇವರೆಲ್ಲ ಕೇಳಿದಾಗ ಗೈಡ್, "ಡ್ರೈವರ್ ಸಮಯ ಮುಗೀತು, ಇನ್ನು ಬಸ್ ಹೊರಡಲ್ಲ" ಅಂದುಬಿಟ್ಟರಂತೆ. ಎಲ್ಲರೂ ಒಪ್ಪಿಕೊಂಡು ಹೋಟೆಲಿಗೆ ನಡೆದರಂತೆ. ಅಲ್ಲಿನ ನಿಯಮ ಗಟ್ಟಿ. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬಿಡುವು. ದಿನಕ್ಕೆ 9 ಗಂಟೆ ಡ್ರೈವಿಂಗ್, ವಾರದಲ್ಲಿ ಎರಡು ದಿನ ಮಾತ್ರ 10. ಸಾಮಾನ್ಯವಾಗಿ ದಿನಕ್ಕೆ 11 ಗಂಟೆ ವಿಶ್ರಾಂತಿ. ಬಸ್ಸಿನೊಳಗೇ ಮಲಗುವುದಾದರೆ ಮಲಗಲು ಸರಿಯಾದ ವ್ಯವಸ್ಥೆ ಇರಬೇಕು ಮತ್ತು ಬಸ್ ನಿಂತಿರಬೇಕು. ಇದೆಲ್ಲ ಟ್ಯಾಕೋಗ್ರಾಫ್ ಎಂಬ ಯಂತ್ರದಲ್ಲಿ ದಾಖಲಾಗುತ್ತದೆ. ಪೊಲೀಸರು ರಸ್ತೆಯಲ್ಲೇ ತೆಗೆದು ನೋಡಬಹುದು. ಟೂರ್ ಬಸ್‌ಗಳಿಗೆ ಇದು ಬಿಗಿಯಾಯಿತು ಅಂತ ದೂರು ಬಂದು, 2024ರಲ್ಲಿ ಆ 45 ನಿಮಿಷವನ್ನು ಕನಿಷ್ಠ 15 ನಿಮಿಷದ ತುಂಡುಗಳಾಗಿ ಹಂಚಿಕೊಳ್ಳಲು ಅವಕಾಶ ಕೊಟ್ಟರು. ಆದರೆ ಒಟ್ಟು 45 ನಿಮಿಷವನ್ನು ಮುಟ್ಟಲಿಲ್ಲ.

ನಮ್ಮ ಬಸ್‌ಗಳಲ್ಲೂ ಈಗ ಜಿಪಿಎಸ್ ಇದೆ. ವೇಗ 80 ದಾಟದ ಹಾಗೆ ಸ್ಪೀಡ್ ಗವರ್ನರ್ ಇದೆ. ಬಸ್ ಎಲ್ಲಿದೆ, ಎಷ್ಟು ವೇಗದಲ್ಲಿದೆ ಅಂತ ಓನರ್ ಮನೆಯಲ್ಲಿ ಕೂತು ನೋಡಬಹುದು. ಬಸ್ ಎಷ್ಟು ಹೊತ್ತಿನಿಂದ ನಿಲ್ಲದೆ ಓಡುತ್ತಿದೆ ಅನ್ನುವುದೂ ಅದೇ ಪರದೆಯಲ್ಲಿ ಕಾಣುತ್ತದೆ. ನೋಡುವ ಮನಸ್ಸಿದ್ದರೆ ಹೊಸ ಯಂತ್ರವೇನೂ ಬೇಕಾಗಿಲ್ಲ ಅಂತ ನನಗೆ ಅನ್ನಿಸುತ್ತದೆ.

ನಾನು ಮಾಡಬಹುದಾದದ್ದು ನನ್ನ ಪಟ್ಟಿಯಲ್ಲಿದೆ. ಆಮೇಲಿನ ಎರಡು ಟ್ರಿಪ್‌ಗಳಿಗೆ ಮೊದಲು ಬರೆದದ್ದು ಡ್ರೈವರ್ ನಿದ್ದೆಯ ಸಮಯ. ಉಳಿದದ್ದನ್ನು ಅದರ ಸುತ್ತ ಕೂರಿಸಿದೆ. ಬುಕ್ ಮಾಡುವಾಗ ಓನರ್‌ಗೆ ಕೇಳುತ್ತೇನೆ, ಇವರು ಹಿಂದಿನ ಟ್ರಿಪ್ ಮುಗಿಸಿದ್ದು ಯಾವಾಗ, ನಮ್ಮದಾದ ಮೇಲೆ ಮುಂದಿನದು ಯಾವಾಗ. ಮೊದಲ ಸಲ ಕೇಳಿದಾಗ ಆ ಕಡೆಯವರಿಗೆ ಅರ್ಥವೇ ಆಗಲಿಲ್ಲ. "ಗಾಡಿ ಕಂಡೀಷನ್ ಚೆನ್ನಾಗಿದೆ ಮೇಡಂ" ಅಂದರು. ರಾತ್ರಿಯಿಡೀ ಓಡುವುದಾದರೆ ಇಬ್ಬರು ಡ್ರೈವರ್, ಇಲ್ಲದಿದ್ದರೆ ಬೆಳಿಗ್ಗೆ ಆರಕ್ಕೆ ಹೊರಡುವುದು. ಬಸ್ಸಿಂದ ಇಳಿಯುವಾಗಲೇ ಎಲ್ಲರೂ ಬೇಕಾದ ಬ್ಯಾಗ್ ತೆಗೆದುಕೊಳ್ಳಬೇಕು, ಆಮೇಲೆ ಡಿಕ್ಕಿ ತೆಗೆಸುವಂತಿಲ್ಲ. ಡ್ರೈವರ್‌ಗೆ ಒಂದು ರೂಮ್, ಅದರ ಕೀ ಅವರ ಕೈಯಲ್ಲೇ. ಕೆಲವು ಲಾಡ್ಜ್‌ಗಳಲ್ಲಿ ಡ್ರೈವರ್‌ಗಳಿಗೆ ಅಂತ ಹಾಲ್ ಇರುತ್ತದೆ. ಹಾಸಿಗೆ, ಫ್ಯಾನ್, ಬಾತ್‌ರೂಮ್ ಹೇಗಿದೆ ಅಂತ ನಾನೇ ಹೋಗಿ ನೋಡುತ್ತೇನೆ. ಹೋದ ವರ್ಷ ರೂಮಿಗೆ 1,200 ರೂಪಾಯಿ ಕೊಟ್ಟೆವು. 32 ಜನಕ್ಕೆ ಹಂಚಿದರೆ ತಲೆಗೆ 37 ರೂಪಾಯಿ 50 ಪೈಸೆ. ದಾರಿಯಲ್ಲಿ ನಾವು ಕುಡಿಯುವ ಕಾಫಿಯ ಲೆಕ್ಕಕ್ಕಿಂತ ಕಡಿಮೆ.

ಇಬ್ಬರು ಡ್ರೈವರ್ ಅಂದಾಗ ದುಡ್ಡು ಜಾಸ್ತಿ ಆಗುತ್ತದೆ. ಎಲ್ಲ ಮನೆಗೂ ಅದು ಸುಲಭವಲ್ಲ, ನನಗೆ ಗೊತ್ತು. ಆದ್ದರಿಂದ ಒಂದು ಜಾಗ ಬಿಡಬೇಕಾಗುತ್ತದೆ. ದುಡ್ಡಿಗಿಂತ ಕಷ್ಟದ ಮಾತು ಅದೇ. ದೇವಸ್ಥಾನ ಬಿಡುವುದು ಅಂದರೆ ಹಿರಿಯರಿಗೆ ಬೇಜಾರು. "ಅಷ್ಟು ದೂರ ಹೋಗಿ ಅಮ್ಮನವರ ದರ್ಶನ ಮಾಡದೆ ಬರೋದಾ?" ಅನ್ನುತ್ತಾರೆ. ಅವರ ಮಾತಿನಲ್ಲೂ ನ್ಯಾಯ ಇದೆ. ಎಷ್ಟೋ ಜನಕ್ಕೆ ಅದು ವರ್ಷಕ್ಕೆ ಒಂದೇ ಪ್ರಯಾಣ.

ಮಳವಳ್ಳಿಯ ಆ ಅಣ್ಣ ಈಗ ಬಸ್ ಬಿಟ್ಟಿದ್ದಾರೆ. ಊರಿನ ಹತ್ತಿರವೇ ಗೂಡ್ಸ್ ಆಟೋ ಓಡಿಸುತ್ತಾರೆ. ಯುಗಾದಿಗೆ ಒಂದು ಮೆಸೇಜ್ ಹಾಕುತ್ತಾರೆ, ನಾನೂ ಹಾಕುತ್ತೇನೆ. ಆ ಸೋಮವಾರದ ಮೈಸೂರು ಟ್ರಿಪ್ ಏನಾಯಿತು ಅಂತ ಒಂದು ಸಲ ಕೇಳಿದ್ದೆ. "ಆಯ್ತು ಅಕ್ಕ, ದೇವರು ನಡೆಸಿದ" ಅಂದರು. ಆ ಬಸ್ಸಿನಲ್ಲಿ ಯಾರ ಮನೆಯ ಮಕ್ಕಳಿದ್ದರೋ. ಅವರ ಅಪ್ಪ ಅಮ್ಮ ಬೆಳಿಗ್ಗೆ ಐದೂವರೆಗೆ ಟಾಟಾ ಮಾಡುವಾಗ, ಮುಂದೆ ಕೂತ ಡ್ರೈವರ್ ಸುಮಾರು ಆರು ಗಂಟೆ ಮುಂಚೆಯಷ್ಟೇ ನಮ್ಮನ್ನು ಮನೆಗೆ ತಂದು ಬಿಟ್ಟಿದ್ದರು ಅಂತ ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಬರುವ ತಿಂಗಳು ಮತ್ತೆ ಅದೇ ದಾರಿ. ಕುಕ್ಕೆ, ಧರ್ಮಸ್ಥಳ, ಶೃಂಗೇರಿ. ಹೊರನಾಡು ಬಿಟ್ಟಿದ್ದೇನೆ. ಶನಿವಾರ ಬೆಳಿಗ್ಗೆ ಹೊರಟು ಸೋಮವಾರ ಸಂಜೆಗೆ ವಾಪಸ್, ಒಂದು ದಿನ ರಜ ಹಾಕಬೇಕು. ಮೂರು ಮನೆಯವರು ಆಗಲ್ಲ ಅಂದಿದ್ದಾರೆ. ಎದುರು ಮನೆ ಆಂಟಿಗೆ ಹೊರನಾಡು ಬೇಕೇ ಬೇಕು. ಭಾನುವಾರ ಸಂಜೆ ಎಲ್ಲರೂ ನಮ್ಮ ಮನೆಯಲ್ಲಿ ಸೇರುತ್ತಿದ್ದೇವೆ. ಪಟ್ಟಿಯ ಪ್ರಿಂಟ್ ತೆಗೆದಿಟ್ಟಿದ್ದೇನೆ. ಡ್ರೈವರ್ ಪಕ್ಕದ ಸೀಟಿನ ಎದುರು ಈ ಸಲ ಆಂಟಿಯ ಹೆಸರಿದೆ. ಹಗಲಿನ ಪ್ರಯಾಣವಾದ್ದರಿಂದ, ಘಾಟಿ ಚೆನ್ನಾಗಿ ಕಾಣುತ್ತದೆ ಅಂತ.